ಉಪ್ಪಿನಲ್ಲಿ ಅಣುವಿದೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ‘ಸೋಡಿಯಂ + ಕ್ಲೋರಿನ್ = ಸೋಡಿಯಂ ಕ್ಲೋರೈಡ್’ ಎಂದು ಬರೆದು, “ಇದೇ ನಾವು ತಿನ್ನುವ ಅಡುಗೆ ಉಪ್ಪು” ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸಾರ್, ಸೋಡಿಯಂ ನೀರಿಗೆ ಬಿದ್ರೆ ಬೆಂಕಿ ಹತ್ಕೊಳ್ಳುತ್ತೆ ಅಂದ್ರಿ. ಕ್ಲೋರಿನ್ ವಿಷದ ಗಾಳಿ ಅಂದ್ರಿ. ಎರಡೂ ಇರೋ ಉಪ್ಪನ್ನ ದಿನಾ ಸಾರಿಗೆ ಹಾಕ್ಕೊಂಡು ತಿಂತೀವಿ. ನಮಗೇನೂ ಆಗಲ್ವಲ್ಲ, ಯಾಕೆ ಸಾರ್?”

ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಆದರೆ ಸರಿಯಾದ ಉತ್ತರವನ್ನೂ ಕೊಡಲಿಲ್ಲ. “ಧಾತುಗಳು ಸೇರಿ ಸಂಯುಕ್ತವಾದಾಗ ಗುಣ ಬದಲಾಗುತ್ತದೆ. ಬರೆದುಕೋ” ಎಂದೆ. ಅವಳು ಬರೆದುಕೊಂಡು ಕುಳಿತಳು. ಗುಣ ಬದಲಾಗುತ್ತದೆ ಎನ್ನುವುದು ನಿಜ. ಆದರೆ ಅವಳು ಕೇಳಿದ್ದು ‘ಏನಾಗುತ್ತದೆ’ ಎಂದಲ್ಲ, ‘ಯಾಕೆ’ ಎಂದು. ಆ ಪ್ರಶ್ನೆಗೆ ನಾನು ಕೊಟ್ಟಿದ್ದು ಒಂದು ವ್ಯಾಖ್ಯೆಯನ್ನು ಮಾತ್ರ.

ಧಾತು, ಅಯಾನು, ಅಣು, ಸಂಯುಕ್ತ – ಈ ನಾಲ್ಕು ಪದಗಳ ವ್ಯಾಖ್ಯೆಯನ್ನು ನಮ್ಮಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯಲ್ಲಿ ಒಂದೊಂದಕ್ಕೂ ಒಂದೊಂದು ಅಂಕ ಸಿಗುತ್ತದೆ. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಯಾವುದೇ ವಸ್ತು ಕಂಡರೂ ‘ಇದರೊಳಗೆ ಇರುವ ಕಣ ಯಾವುದು?’ ಎಂದು ಕೇಳುವ ಅಭ್ಯಾಸ ಮೊದಲು ಬರಬೇಕು. ವ್ಯಾಖ್ಯೆ ಆಮೇಲೆ ತಾನಾಗಿ ಬರುತ್ತದೆ. ಯಾಕೆ ಹೀಗೆ ಹೇಳುತ್ತೇನೆ, ನೋಡಿ.

ಒಂದು ಎಲೆಕ್ಟ್ರಾನಿನ ವ್ಯತ್ಯಾಸ

ಸೋಡಿಯಂ ಒಂದು ಲೋಹ. ಚಾಕುವಿನಿಂದ ಕತ್ತರಿಸುವಷ್ಟು ಮೆತ್ತಗಿರುತ್ತದೆ. ಗಾಳಿ, ನೀರು ತಾಗದಂತೆ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಕ್ಲೋರಿನ್ ಹಸಿರು-ಹಳದಿ ಬಣ್ಣದ ಅನಿಲ. 1915ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಅದನ್ನು ಸೈನಿಕರ ಮೇಲೆ ವಿಷಾನಿಲವಾಗಿ ಬಿಟ್ಟಿದ್ದರು.

ಸೋಡಿಯಂ ಪರಮಾಣುವಿನ ನಡುವೆ ಇರುವ ಬೀಜದಲ್ಲಿ 11 ಪ್ರೋಟಾನುಗಳಿವೆ. ಸುತ್ತಲೂ 11 ಎಲೆಕ್ಟ್ರಾನುಗಳಿವೆ. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಹೊರಗಿನ ಕವಚದಲ್ಲಿ ಒಂದೇ ಒಂದು. ಸೋಡಿಯಂ ನೀರಿನ ಜೊತೆ ಅಷ್ಟೊಂದು ರಂಪ ಮಾಡುವುದು ಈ ಒಂಟಿ ಎಲೆಕ್ಟ್ರಾನಿನಿಂದ. ಅದು ಸುಲಭವಾಗಿ ಬೇರೆಯವರ ಪಾಲಾಗುತ್ತದೆ. ಕ್ಲೋರಿನ್ನಿಗೆ 17 ಎಲೆಕ್ಟ್ರಾನುಗಳು – 2, 8, 7. ಅದರ ಹೊರಕವಚದಲ್ಲಿ ಇನ್ನೊಂದಕ್ಕೆ ಜಾಗವಿದೆ.

ಇವೆರಡೂ ಕೂಡಿದಾಗ ಸೋಡಿಯಂನ ಆ ಒಂದು ಎಲೆಕ್ಟ್ರಾನು ಕ್ಲೋರಿನ್ನಿಗೆ ಹೋಗುತ್ತದೆ. ಈಗ ಸೋಡಿಯಂನಲ್ಲಿ ಪ್ರೋಟಾನು 11, ಎಲೆಕ್ಟ್ರಾನು 10. ಆದ್ದರಿಂದ ಅದಕ್ಕೆ ಒಂದು ಧನ ವಿದ್ಯುದಂಶ ಬರುತ್ತದೆ. ಕ್ಲೋರಿನ್ನಿನಲ್ಲಿ ಪ್ರೋಟಾನು 17, ಎಲೆಕ್ಟ್ರಾನು 18. ಅದಕ್ಕೆ ಒಂದು ಋಣ ವಿದ್ಯುದಂಶ. ಹೀಗೆ ವಿದ್ಯುದಂಶ ಪಡೆದ ಕಣವೇ ಅಯಾನು. ಋಣ ಅಯಾನಾದ ಕ್ಲೋರಿನ್ನನ್ನು ‘ಕ್ಲೋರೈಡ್’ ಎಂದು ಕರೆಯುತ್ತೇವೆ.

ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ಲವೆ? ರಂಪ ಮಾಡುತ್ತಿದ್ದ ಎಲೆಕ್ಟ್ರಾನನ್ನು ಸೋಡಿಯಂ ಅಯಾನು ಈಗಾಗಲೇ ಕಳೆದುಕೊಂಡಿದೆ. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ. ಕ್ಲೋರೈಡಿಗೆ ಬೇಕಾದ ಎಲೆಕ್ಟ್ರಾನು ಈಗಾಗಲೇ ದಕ್ಕಿದೆ. ಬೇರೆಯವರಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ. ನಾವು ತಿನ್ನುವುದು ಸೋಡಿಯಂ ಲೋಹವನ್ನೂ ಅಲ್ಲ, ಕ್ಲೋರಿನ್ ಅನಿಲವನ್ನೂ ಅಲ್ಲ. ಅವುಗಳ ಅಯಾನುಗಳನ್ನು. ಧಾತು ಒಂದೇ, ಕಣ ಬೇರೆ. ಗುಣ ಇರುವುದು ಹೆಸರಿನಲ್ಲಿ ಅಲ್ಲ, ಕಣದಲ್ಲಿ.

ದಾನದ ಕಥೆ ಬೇಡ

‘ಸೋಡಿಯಂ ಉದಾರಿ, ತನ್ನ ಎಲೆಕ್ಟ್ರಾನನ್ನು ದಾನ ಮಾಡುತ್ತದೆ. ಕ್ಲೋರಿನ್ ಸಂತೋಷದಿಂದ ಪಡೆಯುತ್ತದೆ’ – ಇಂಥ ಕಥೆಯನ್ನು ನೀವು ಕೇಳಿರಬಹುದು. ನಾನೂ ಹೇಳಿದ್ದೇನೆ. ಕೇಳಲು ಚೆನ್ನಾಗಿದೆ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಇದು ನಮ್ಮನ್ನು ದಾರಿ ತಪ್ಪಿಸುತ್ತದೆ.

ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಶಕ್ತಿ ಖರ್ಚು ಮಾಡಬೇಕು. ಆ ಖರ್ಚು 100 ರೂಪಾಯಿ ಎಂದುಕೊಳ್ಳಿ. ಅದೇ ಎಲೆಕ್ಟ್ರಾನನ್ನು ಕ್ಲೋರಿನ್ ಪರಮಾಣು ಪಡೆದಾಗ ಮರಳಿ ಬರುವುದು ಸುಮಾರು 70 ರೂಪಾಯಿ. ಅಂದರೆ 30 ರೂಪಾಯಿ ನಷ್ಟ! ಇದಲ್ಲದೆ ಲೋಹದ ತುಂಡಿನಿಂದ ಸೋಡಿಯಂ ಪರಮಾಣುವನ್ನು ಬಿಡಿಸಬೇಕು. ಜೋಡಿಯಾಗಿರುವ ಕ್ಲೋರಿನ್ ಪರಮಾಣುಗಳನ್ನು ಬೇರ್ಪಡಿಸಬೇಕು. ಅದಕ್ಕೆ ಇನ್ನೂ ಸುಮಾರು 45 ರೂಪಾಯಿ. ಒಟ್ಟು ನಷ್ಟ 75. ಹಾಗಾದರೆ ಉಪ್ಪು ಉಂಟಾಗುವುದಾದರೂ ಹೇಗೆ?

ಧನ ಅಯಾನು ಮತ್ತು ಋಣ ಅಯಾನು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಎಣಿಸಲಾರದಷ್ಟು ಅಯಾನುಗಳು ಹತ್ತಿರ ಬಂದು ಸಾಲು ಸಾಲಾಗಿ ಜೋಡಿಸಿಕೊಂಡು ಹರಳು ಕಟ್ಟುತ್ತವೆ. ಆಗ ಸುಮಾರು 160 ರೂಪಾಯಿಯಷ್ಟು ಶಕ್ತಿ ಹೊರಬರುತ್ತದೆ. ನಷ್ಟ ತುಂಬಿ 85 ರೂಪಾಯಿ ಲಾಭ. ಆ ಲಾಭ ಶಾಖವಾಗಿ, ಬೆಳಕಾಗಿ ಹೊರಬರುವುದರಿಂದಲೇ ಸೋಡಿಯಂ ಕ್ಲೋರಿನ್ನಿನಲ್ಲಿ ಹಳದಿ ಜ್ವಾಲೆಯಿಂದ ಉರಿಯುತ್ತದೆ. ಹಾಗಾಗಿ ಉಪ್ಪನ್ನು ಕಟ್ಟುವುದು ದಾನವಲ್ಲ, ಸೆಳೆತ. ಪರಮಾಣುಗಳಿಗೆ ಆಸೆ, ಸಂತೋಷ, ಔದಾರ್ಯ ಯಾವುದೂ ಇಲ್ಲ. ಕಥೆಯನ್ನು ನೆನಪಿಟ್ಟುಕೊಂಡವರಿಗೆ ದಾನಿಯ ಹೆಸರು ನೆನಪಿರುತ್ತದೆ. ಲೆಕ್ಕ ನೋಡಿದವರಿಗೆ ಕಾರಣ ತಿಳಿಯುತ್ತದೆ.

ಅಣು ಎಲ್ಲಿದೆ?

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಸಾಧಾರಣ ಪುಡಿ ಉಪ್ಪಿನ ಒಂದು ಕಣವನ್ನು ಭೂತಗನ್ನಡಿಯಲ್ಲಿ ನೋಡಿ. ಅದು ಪುಟ್ಟ ಘನದಂತೆ ಕಾಣುತ್ತದೆ. ಅದರ ಒಂದು ಅಂಚು 0.3 ಮಿಲಿಮೀಟರ್ ಇದ್ದರೆ, ಅದರೊಳಗೆ ಸುಮಾರು 6ರ ಮುಂದೆ 17 ಸೊನ್ನೆ ಹಾಕಿದಷ್ಟು ಸೋಡಿಯಂ ಅಯಾನುಗಳಿರುತ್ತವೆ. ಅಷ್ಟೇ ಸಂಖ್ಯೆಯ ಕ್ಲೋರೈಡ್ ಅಯಾನುಗಳೂ ಇರುತ್ತವೆ. ಒಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್. ಒಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ‘ಈ ಸೋಡಿಯಂಗೆ ಈ ಕ್ಲೋರೈಡೇ ಜೋಡಿ’ ಎಂದು ಬೆರಳಿಟ್ಟು ತೋರಿಸಲು ಸಾಧ್ಯವೇ? ಸಾಧ್ಯವಿಲ್ಲ. ಆದ್ದರಿಂದ ಉಪ್ಪಿನಲ್ಲಿ ಅಣು ಎಂಬುದೇ ಇಲ್ಲ! ಉಪ್ಪಿನ ಸೂತ್ರ ಹೇಳುವುದು ಒಂದಕ್ಕೆ ಒಂದು ಎಂಬ ಲೆಕ್ಕವನ್ನು ಮಾತ್ರ.

ನೀರಿನ ಸಂಗತಿ ಬೇರೆ. ಅಲ್ಲಿ ಒಂದು ಆಕ್ಸಿಜನ್ ಪರಮಾಣು, ಎರಡು ಹೈಡ್ರೋಜನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಒಂದು ಗುಂಪಾಗಿವೆ. ಯಾವ ಹೈಡ್ರೋಜನ್ ಯಾವ ಆಕ್ಸಿಜನ್ನಿನದು ಎಂದು ತೋರಿಸಬಹುದು. ಹೀಗೆ ಬಿಡಿಯಾಗಿ ಗುರುತಿಸಬಹುದಾದ ಗುಂಪೇ ಅಣು. ಸಕ್ಕರೆಯ ಒಂದು ಅಣುವಿನಲ್ಲಿ 45 ಪರಮಾಣುಗಳಿವೆ – ಕಾರ್ಬನ್ 12, ಹೈಡ್ರೋಜನ್ 22, ಆಕ್ಸಿಜನ್ 11.

ಆದ್ದರಿಂದ ಯಾವ ವಸ್ತು ಸಿಕ್ಕರೂ ಎರಡು ಪ್ರಶ್ನೆ ಕೇಳಿ. ಒಂದು: ಇದರಲ್ಲಿ ಎಷ್ಟು ಬಗೆಯ ಪರಮಾಣುಗಳಿವೆ? ಎರಡು: ಅವು ಹೇಗೆ ಗುಂಪು ಕಟ್ಟಿವೆ?

ನಾವು ಉಸಿರಾಡುವ ಆಕ್ಸಿಜನ್ – ಒಂದೇ ಬಗೆಯ ಪರಮಾಣು, ಎರಡೆರಡರ ಗುಂಪು. ಅಣು ಹೌದು, ಸಂಯುಕ್ತ ಅಲ್ಲ.
ನೀರು – ಎರಡು ಬಗೆ, ಮೂರರ ಗುಂಪು. ಅಣುವೂ ಹೌದು, ಸಂಯುಕ್ತವೂ ಹೌದು.
ಉಪ್ಪು – ಎರಡು ಬಗೆ, ಬಿಡಿ ಗುಂಪು ಇಲ್ಲ, ಅಯಾನುಗಳ ಹರಳು. ಸಂಯುಕ್ತ ಹೌದು, ಅಣು ಇಲ್ಲ.
ಬಲೂನಿಗೆ ತುಂಬುವ ಹೀಲಿಯಂ – ಒಂದೇ ಬಗೆ, ಒಂಟಿ ಪರಮಾಣುಗಳು. ಸಂಯುಕ್ತ ಅಲ್ಲ.

ಈ ನಾಲ್ಕನ್ನು ಸರಿಯಾಗಿ ವಿಂಗಡಿಸಬಲ್ಲವರಿಗೆ ವ್ಯಾಖ್ಯೆ ಮರೆತರೂ ಚಿಂತೆಯಿಲ್ಲ.

ದೊಡ್ಡವರೂ ತಡವರಿಸಿದ್ದರು

ಇದು ಕಷ್ಟ ಎನಿಸಿದರೆ ಬೇಸರ ಬೇಡ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇಲ್ಲಿ ತಡವರಿಸಿದ್ದಾರೆ. ‘ಅಯಾನು’ ಎಂಬ ಪದವನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಹೋಗುವುದು’ ಎಂದು ಅರ್ಥ. ದ್ರಾವಣದಲ್ಲಿ ವಿದ್ಯುತ್ತು ಹರಿಸಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಏನೋ ಹೋಗುತ್ತದೆ ಎಂದು ಅವರು ಕಂಡಿದ್ದರು.

ಸ್ವೀಡನ್ನಿನ ಯುವಕ ಸ್ವಾಂಟೆ ಅರೀನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಈ ವಿಷಯದ ಮೇಲೆ ಪ್ರಬಂಧ ಒಪ್ಪಿಸಿದರು. ಪರೀಕ್ಷಕರು ಕೆಳದರ್ಜೆ ಕೊಟ್ಟು ಕಳುಹಿಸಿದರು. ಉಪ್ಪು ನೀರಿನಲ್ಲಿ ಕರಗಿದೊಡನೆ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಎಂದು ಅವರು 1887ರ ಹೊತ್ತಿಗೆ ಖಚಿತವಾಗಿ ಹೇಳಿದಾಗ, ಹಲವರು ತಲೆಯಾಡಿಸಲಿಲ್ಲ. ‘ಸೋಡಿಯಂ ಬಿಡಿಯಾದರೆ ನೀರಿನಲ್ಲಿ ಹೊತ್ತಿಕೊಳ್ಳಬೇಕಲ್ಲ? ಕ್ಲೋರಿನ್ನಿನ ವಾಸನೆ ಬರಬೇಕಲ್ಲ?’ ಎಂದು ಆಕ್ಷೇಪಿಸಿದರು. ನೋಡಿದಿರಾ! ನಮ್ಮ ಹಿಂದಿನ ಸಾಲಿನ ಹುಡುಗಿಯ ಪ್ರಶ್ನೆಯೇ ಅದು. ಎಲೆಕ್ಟ್ರಾನು ಪತ್ತೆಯಾದದ್ದು 1897ರಲ್ಲಿ. ಅದಕ್ಕೆ ಮುಂಚೆ ಪರಮಾಣುವಿಗೂ ಅಯಾನಿಗೂ ಇರುವ ವ್ಯತ್ಯಾಸವನ್ನು ತೋರಿಸುವುದು ಸುಲಭವಾಗಿರಲಿಲ್ಲ. 1903ರಲ್ಲಿ ಅರೀನಿಯಸ್ ಅವರಿಗೆ ನೊಬೆಲ್ ಬಹುಮಾನ ಬಂತು.

1913ರಲ್ಲಿ ಬ್ರಾಗ್ ಎಂಬ ತಂದೆ-ಮಗ ಎಕ್ಸ್ ಕಿರಣಗಳ ನೆರವಿನಿಂದ ಉಪ್ಪಿನ ಹರಳಿನೊಳಗಿನ ಜೋಡಣೆಯನ್ನು ಕಂಡುಹಿಡಿದರು. ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಸೋಡಿಯಂ, ಕ್ಲೋರಿನ್! ಅಣು ಎಲ್ಲೂ ಇಲ್ಲ. ಆದರೂ ಸುಮಾರು ಎಂಬತ್ತು ವರ್ಷದ ಹಿರಿಯ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಇದನ್ನು ಒಪ್ಪಲಿಲ್ಲ. 1927ರಲ್ಲಿ ‘ನೇಚರ್’ ಪತ್ರಿಕೆಗೆ ಸಿಟ್ಟಿನಿಂದ ಪತ್ರ ಬರೆದರು. ‘ಅಯ್ಯೋ ಪಾಪ, ಅಡುಗೆ ಉಪ್ಪೇ!’ ಎಂಬ ಅರ್ಥದ ತಲೆಬರಹ ಅದಕ್ಕಿತ್ತು. ಆದ್ದರಿಂದ ಅರ್ಥವಾಗದಿದ್ದರೆ ಕೇಳಲು ನಾಚಿಕೆಪಡಬೇಡಿ.

ಮಾಡಿ ನೋಡಿ

ಟಾರ್ಚಿಗೆ ಹಾಕುವ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ. ಒಂದು ಸಣ್ಣ ಎಲ್‌ಇಡಿ ಬಲ್ಬು, ಎರಡು ಪೆನ್ಸಿಲ್ ಕಡ್ಡಿ, ತುಂಡು ತಂತಿಗಳು ಸಾಕು. ಪೆನ್ಸಿಲ್ ಕಡ್ಡಿಗಳು ಒಂದಕ್ಕೊಂದು ತಾಗದಂತೆ ಲೋಟದ ನೀರಿನಲ್ಲಿ ಅದ್ದಿ. ಮನೆಯ ಕರೆಂಟಿನ ಪ್ಲಗ್ಗಿಗೆ ಮಾತ್ರ ಖಂಡಿತ ಕೈ ಹಾಕಬೇಡಿ.

ಹಿಡಿದಿಟ್ಟ ಮಳೆನೀರಿನಲ್ಲಿ ಬಲ್ಬು ಹೊತ್ತುವುದಿಲ್ಲ, ಇಲ್ಲವೇ ತೀರ ಮಂಕಾಗಿರುತ್ತದೆ. ಸಕ್ಕರೆ ಹಾಕಿ ಕಲಕಿ. ಏನೂ ಬದಲಾಗುವುದಿಲ್ಲ. ಇನ್ನೊಂದು ಲೋಟಕ್ಕೆ ಒಂದು ಚಮಚ ಉಪ್ಪು ಹಾಕಿ. ಬಲ್ಬು ಹೊತ್ತಿಕೊಳ್ಳುತ್ತದೆ! ಎರಡೂ ಬಿಳಿ ಪುಡಿ, ಎರಡೂ ಕರಗಿದವು, ಎರಡೂ ಸಂಯುಕ್ತಗಳೇ. ಆದರೆ ಸಕ್ಕರೆ ಕರಗಿದಾಗ ಅಣುಗಳಾಗಿಯೇ ಉಳಿಯಿತು. ಉಪ್ಪು ಅಯಾನುಗಳಾಗಿ ಹರಡಿತು. ವಿದ್ಯುತ್ತನ್ನು ದಾಟಿಸಿದ್ದು ಆ ಅಯಾನುಗಳು.

ಈಗ ನಿಮ್ಮೂರಿನ ಕೊಳವೆಬಾವಿಯ ನೀರನ್ನು ಹಾಗೇ ಪರೀಕ್ಷಿಸಿ. ಏನೂ ಹಾಕದೆಯೇ ಬಲ್ಬು ಮಂದವಾಗಿ ಹೊತ್ತಿಕೊಂಡರೆ ಆಶ್ಚರ್ಯಪಡಬೇಡಿ. ತಿಳಿಯಾಗಿ ಕಾಣುವ ಆ ನೀರಿನಲ್ಲೂ ಅಯಾನುಗಳಿವೆ. ಕಲ್ಲು-ಮಣ್ಣಿನಿಂದ ಕರಗಿ ಬಂದವು ಅವು. ಯಾವ ಅಯಾನು ಎಂದು ಈ ಬಲ್ಬು ಹೇಳಲಾರದು. ಇದೆ ಎಂದಷ್ಟೇ ಹೇಳುತ್ತದೆ.

ಕುದಿಸಿದರೆ ಸಾಲದು

ಇಲ್ಲಿಗೆ ಬಂದಾಗಲೇ ಈ ಪಾಠ ಬರೀ ಪರೀಕ್ಷೆಯದಲ್ಲ ಎಂದು ನನಗೆ ಅನಿಸುವುದು.

ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ, ತುಮಕೂರು ಜಿಲ್ಲೆಯ ಪಾವಗಡದಂಥ ಕಡೆಗಳಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಯಾನು ಅತಿಯಾಗಿದೆ. ಫ್ಲೋರಿನ್ ಹೊಂದಿದ ಖನಿಜಗಳು ಅಲ್ಲಿನ ಬಂಡೆಗಳಲ್ಲಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ಕರಗಿ ಸೇರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೂ 1.5 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಾದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ತುಂಬಾ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದೇ ಫ್ಲೋರೋಸಿಸ್.

ಫ್ಲೋರಿನ್ ಧಾತು ಮುಟ್ಟಿದ್ದನ್ನೆಲ್ಲ ಸುಡುವಂಥ ಅನಿಲ. ಅದು ನೀರಿನಲ್ಲಿ ಇಲ್ಲ. ಇರುವುದು ಒಂದು ಎಲೆಕ್ಟ್ರಾನು ಹೆಚ್ಚಾಗಿರುವ ಫ್ಲೋರೈಡ್ ಅಯಾನು. ಅದಕ್ಕೆ ಬಣ್ಣವಿಲ್ಲ, ಆ ಪ್ರಮಾಣದಲ್ಲಿ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ಹಲ್ಲು-ಮೂಳೆಗಳ ಖನಿಜದಲ್ಲಿ ಹೈಡ್ರಾಕ್ಸೈಡ್ ಎಂಬ ಅಯಾನು ಇದೆ. ಫ್ಲೋರೈಡಿನ ಗಾತ್ರವೂ ವಿದ್ಯುದಂಶವೂ ಹೆಚ್ಚುಕಡಿಮೆ ಅದರಂತೆಯೇ ಇರುವುದರಿಂದ, ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ಸ್ವಲ್ಪವೇ ಇದ್ದರೆ ಹಲ್ಲು ಗಟ್ಟಿಯಾಗುತ್ತದೆ. ಟೂತ್‌ಪೇಸ್ಟಿಗೆ ಅದನ್ನು ಸೇರಿಸುವುದು ಇದಕ್ಕಾಗಿಯೇ. ಅತಿಯಾದರೆ ಕೇಡು.

“ನಾವು ಕುದಿಸಿ ಆರಿಸಿ ಕುಡೀತೀವಲ್ಲ, ಏನೂ ಆಗಲ್ಲ” ಎಂದು ಹೇಳುವವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಕುದಿಸಿದರೆ ರೋಗಾಣು ಸಾಯುತ್ತದೆ. ಅದನ್ನು ಬಿಡಬಾರದು. ಆದರೆ ಅಯಾನು ಜೀವಿಯಲ್ಲ, ಸಾಯುವುದಿಲ್ಲ. ನೀರಿನ ಆವಿಯ ಜೊತೆ ಹಾರಿಹೋಗುವುದೂ ಇಲ್ಲ. ಲೆಕ್ಕ ಹಾಕಿ: ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಳಿಯುವವರೆಗೆ ಕುದಿಸಿದರೆ, ಉಳಿದ ಒಂದು ಲೀಟರಿನಲ್ಲಿ 4 ಮಿಲಿಗ್ರಾಂ! ಹೋಗುವ ಬದಲು ದಟ್ಟವಾಯಿತು. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಮಣ್ಣಿನ ಕಣ ನಿಲ್ಲುತ್ತದೆ, ಅಯಾನು ನುಸುಳಿ ಹೋಗುತ್ತದೆ.

ಫ್ಲೋರೈಡನ್ನು ತೆಗೆಯಲು ಅಯಾನಿಗೆ ತಕ್ಕ ಉಪಾಯವೇ ಬೇಕು. ಅತಿ ಸಣ್ಣ ರಂಧ್ರಗಳ ಪೊರೆಯ ಮೂಲಕ ನೀರನ್ನು ಒತ್ತಡದಿಂದ ದಾಟಿಸುವುದು ಒಂದು. ಅನೇಕ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಮಾಡುವುದು ಇದನ್ನೇ. ಲೆಕ್ಕಕ್ಕೆ ತಕ್ಕಷ್ಟು ಪಟಿಕ, ಸುಣ್ಣ ಹಾಕಿ ಫ್ಲೋರೈಡನ್ನು ಗಸಿಯ ಜೊತೆ ಕೆಳಕ್ಕೆ ಇಳಿಸುವುದು ಇನ್ನೊಂದು. ಇದಕ್ಕೆ ನಲ್ಗೊಂಡ ವಿಧಾನ ಎಂದು ಹೆಸರು. ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರು ಮೂರನೆಯದು. ಮಳೆನೀರು ಬಂಡೆಯ ಒಳಗೆ ಹೋಗಿ ಬಂದದ್ದಲ್ಲವಲ್ಲ!

ಹೈಸ್ಕೂಲಿನವರೆಗೆ ಕಾಯಬೇಕೇ?

“ಇದೆಲ್ಲ ಸಣ್ಣ ಮಕ್ಕಳಿಗೆ ಯಾಕೆ? ಹೈಸ್ಕೂಲಿನಲ್ಲಿ ಕಲಿಯುತ್ತಾರೆ” ಎಂದು ಕೆಲವು ಶಿಕ್ಷಕ ಮಿತ್ರರು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಥವಿದೆ. ಎಲೆಕ್ಟ್ರಾನು ಕವಚಗಳ ಪೂರ್ತಿ ಲೆಕ್ಕ, ವೇಲೆನ್ಸಿ, ಸಮೀಕರಣ ಸರಿದೂಗಿಸುವುದು – ಇವು ಮುಂದೆ ಬರಲಿ. ಅವಸರವಿಲ್ಲ.

ಆದರೆ ಕಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಕಲೆ ಬೀಳುವುದು ಆ ವಯಸ್ಸಿನಲ್ಲಿ ಕುಡಿದ ನೀರಿನಿಂದ. ಹೈಸ್ಕೂಲಿಗೆ ಬಂದು ಫ್ಲೋರೈಡ್ ಎಂದರೇನು ಎಂದು ಕಲಿಯುವ ಹೊತ್ತಿಗೆ ಕಲೆ ಬಿದ್ದಾಗಿರುತ್ತದೆ. ನಿಮ್ಮ ಮನೆಯಲ್ಲಿ ತಮ್ಮ-ತಂಗಿಯರು ಇರಬಹುದು. ಅವರಿಗೆ ಯಾವ ನೀರು ಕುಡಿಸಬೇಕು ಎಂದು ಅಮ್ಮನಿಗೆ, ಅಜ್ಜಿಗೆ ಬಿಡಿಸಿ ಹೇಳಬಲ್ಲವರು ನೀವೇ. ಅದಕ್ಕೆ ಸಮೀಕರಣ ಬೇಡ. ‘ಇದು ರೋಗಾಣು ಅಲ್ಲ, ಅಯಾನು’ ಎಂಬ ಒಂದು ತಿಳಿವಳಿಕೆ ಸಾಕು.

ಇದೇ ತಿಳಿವಳಿಕೆ ಬೇರೆ ಕಡೆಯೂ ನೆರವಿಗೆ ಬರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ‘ಕಬ್ಬಿಣ ತಿಂದರೆ ಹೊಟ್ಟೆ ಕೆಡುತ್ತದೆ’ ಎಂದು ಕೆಲವರು ಕಿಟಕಿಯಿಂದ ಎಸೆಯುತ್ತಾರೆ. ಅದರಲ್ಲಿರುವುದು ಮೊಳೆಯ ಕಬ್ಬಿಣವಲ್ಲ. ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ ಅಯಾನು. ರಕ್ತಕ್ಕೆ ಬೇಕಾದದ್ದು ಅದೇ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಅಯೋಡಿನ್ ಉಪ್ಪಿನಲ್ಲಿ ಇರುವುದೂ ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಅಲ್ಲ. ಅಯೋಡಿನ್ ಮತ್ತು ಆಕ್ಸಿಜನ್ ಸೇರಿದ ಅಯೋಡೇಟ್ ಅಯಾನು. ಹೆಸರು ಕೇಳಿ ಹೆದರುವುದೂ ತಪ್ಪು, ಹೆಸರು ಕೇಳಿ ನಂಬುವುದೂ ತಪ್ಪು. ಕಣ ಯಾವುದು, ಎಷ್ಟಿದೆ ಎಂದು ಕೇಳಬೇಕು.

ಆದ್ದರಿಂದ ಮಕ್ಕಳೇ, ಮುಂದಿನ ವಾರ ಎರಡು ಕೆಲಸ ಮಾಡಿ. ಅಡುಗೆಮನೆಯಿಂದ ಹತ್ತು ವಸ್ತುಗಳ ಪಟ್ಟಿ ಮಾಡಿ. ಉಪ್ಪು, ಸಕ್ಕರೆ, ಅಡುಗೆ ಸೋಡ, ಸುಣ್ಣ, ಪಟಿಕ ಯಾವುದಾದರೂ ಇರಲಿ. ಪ್ರತಿಯೊಂದರ ಮುಂದೆ ‘ಅಣುವೋ, ಅಯಾನೋ?’ ಎಂದು ಬರೆದು ಗುರುಗಳೊಂದಿಗೆ ಚರ್ಚಿಸಿ. ಎರಡನೆಯದು, ನಿಮ್ಮೂರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿದ್ದಾರೆಯೇ, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ತರಗತಿಯವರೆಲ್ಲ ಗುರುಗಳ ಜೊತೆ ಹೋಗಿ. ಬಂದ ಸಂಖ್ಯೆಯನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ದೊಡ್ಡದಾಗಿ ಬರೆದು ಹಾಕಿ.

ಆ ಹಿಂದಿನ ಸಾಲಿನ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮಗೆ ಕೊಟ್ಟಿದ್ದೇನೆ. ತರಗತಿಯಲ್ಲಿ ಯಾರಾದರೂ ಎದ್ದು ಇಂಥ ಪ್ರಶ್ನೆ ಕೇಳಿದರೆ ದಯವಿಟ್ಟು ನಗಬೇಡಿ. ಅರೀನಿಯಸ್ ಅವರನ್ನು ವಿಜ್ಞಾನಿಗಳು ಕೇಳಿದ್ದೂ ಅದನ್ನೇ.